ಪೇಟಿ ಕಲಿಕೆ: ವಿಡಿಯೊ ಕೋರ್ಸ್ ತೋರಿಸದ ಎಡಗೈ

ಪೇಟಿ, ಅಂದರೆ ಹಾರ್ಮೋನಿಯಂ, ಕಲಿಯಲು ಒಂದು ವರ್ಷ ವಿಡಿಯೊ ಕೋರ್ಸ್ ನೋಡಿದೆ. ಕಲಿಸುವವರ ಎಡಗೈ ಒಮ್ಮೆಯೂ ಕಾಣಲಿಲ್ಲ. ನನ್ನ ದೊಡ್ಡ ತಕರಾರು ಇದೇ.

ಕ್ಯಾಮೆರಾ ಪೇಟಿಯ ನೆತ್ತಿಯ ಮೇಲೆ ಇರುತ್ತದೆ. ಬಲಗೈ ಬೆರಳು, ಕರಿ ಬಿಳಿ ಪಟ್ಟಿ, ಮೇಲೆ ಬಣ್ಣಬಣ್ಣದ ಸಾ ರೇ ಗ ಮ. ನೋಡಲು ಚೆಂದವೇ. ಆದರೆ ಗಾಳಿ ತುಂಬುವ ಭಾತೆ (ತಿದಿ) ಇರುವುದು ಪೇಟಿಯ ಹಿಂದೆ. ಅದನ್ನು ಒತ್ತುವ ಕೈ ಪರದೆಯೊಳಗೆ ಬರುವುದೇ ಇಲ್ಲ. ಹಾರ್ಮೋನಿಯಂ ನುಡಿಯುವುದೇ ಗಾಳಿಯಿಂದ ಅಲ್ವಾ? ಬೆರಳು ಎಲ್ಲಿಡಬೇಕು ಅಂತ ಅಷ್ಟು ಪಾಠ ಮಾಡಿದವರು ಗಾಳಿ ಎಷ್ಟು ಕೊಡಬೇಕು ಅಂತ ಒಂದು ಪಾಠ ಮಾಡಬೇಕಿತ್ತು. ಪೇಟಿಯ ಹಿಂದೆ ಇನ್ನೊಂದು ಮೊಬೈಲ್ ಇಟ್ಟಿದ್ದರೂ ಸಾಕಿತ್ತು. ಸ್ವರಾಭ್ಯಾಸದ ಅಲಂಕಾರಗಳೆಲ್ಲ ಬಾಯಿಪಾಠವಾದವು, ಬೆರಳೂ ಓಡುತ್ತಿತ್ತು. ನಾದ ಮಾತ್ರ ಪ್ರತಿ ಒತ್ತಿಗೂ ಉಬ್ಬಿ ಇಳಿಯುತ್ತಿತ್ತು. ಕಾರಣ ಕೇಳಿ ಬರೆದರೆ ‘ಅಭ್ಯಾಸ ಮುಂದುವರಿಸಿ’ ಎಂಬ ಉತ್ತರ ಬಂತು.

ಆಮೇಲೆ ಬೆಳಗಾವಿಯ ಟಿಳಕವಾಡಿಯಲ್ಲಿ ಒಬ್ಬ ಹಿರಿಯರ ಹತ್ತಿರ ಸೇರಿಕೊಂಡೆ. ವಾರಕ್ಕೆ ಎರಡು ದಿನ, ಆಫೀಸು ಮುಗಿಸಿ ಹೋಗುತ್ತೇನೆ. ವರ್ಷದ ಲೆಕ್ಕ ಹಾಕಿದರೆ ಫೀ ಕೋರ್ಸಿಗಿಂತ ಜಾಸ್ತಿ, ನನ್ನ ಸಂಬಳಕ್ಕೆ ಸಣ್ಣ ಮೊತ್ತವೇನಲ್ಲ. ಮೊದಲ ದಿನ ನಾನು ನುಡಿಸಿದ್ದನ್ನು ಕೇಳಿ ಅವರು ಹೇಳಿದ್ದು ಇಷ್ಟೇ: “ತಂಗೀ, ಬಲಗೈ ಆಮ್ಯಾಗ ನೋಡೂಣು. ಮೊದ್ಲ ಒಂದ ಸಾ ಹಿಡಿ. ಅಲುಗಾಡಬಾರ್ದು.”

ಹಲವು ವಾರ ಅದೇ ಪಾಠ. ಪೇಟಿಯ ಹೊಟ್ಟೆಯೊಳಗೆ ಇನ್ನೊಂದು ಭಾತೆ ಇದೆ, ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ ಎಂದು ಅವರು ಹಳೆಯ ಪೇಟಿಯೊಂದನ್ನು ಬಿಚ್ಚಿ ತೋರಿಸಿದರು. ನಾವು ಹಿಂದಿನಿಂದ ಒತ್ತಿದ ಗಾಳಿ ಅಲ್ಲಿ ಕೂಡಿಕೊಂಡು ನಂತರ ನಾದ ಹೊರಡಿಸುವ ಲೋಹದ ನಾಲಿಗೆಗೆ, ಅಂದರೆ ರೀಡಿಗೆ, ಹೋಗುತ್ತದೆ. ಅದು ಪೂರ್ತಿ ಖಾಲಿಯಾಗುವ ಮೊದಲೇ ಮೆಲ್ಲಗೆ ಸ್ವಲ್ಪ ಗಾಳಿ ತುಂಬಬೇಕು. ತಾಳಕ್ಕೆ ಸರಿಯಾಗಿ ಒತ್ತುವ ಅಭ್ಯಾಸ ಬಿಡಬೇಕು. ಸಾ ಹಿಡಿಸಿ ಅವರು ಆಫೀಸಿನ ಸುದ್ದಿ ಕೇಳುತ್ತಿದ್ದರು, ಮಳೆ ಬಂತಾ, ಊಟ ಆಯ್ತಾ ಅಂತ. ನಾನು ಉತ್ತರ ಹೇಳುವಾಗ ನಾದ ಉಬ್ಬಿದರೆ ಸುಮ್ನೆ ನಗುತ್ತಿದ್ದರು. ಮಾತಾಡುತ್ತಲೇ ಸಾ ನೂಲಿನ ಹಾಗೆ ಎಳೆದು ನಿಂತ ದಿನ ನನಗಾದ ಖುಷಿ ಹೇಳತೀರದು.

ನನ್ನ ದನಿಗೆ ‘ಕರಿ ನಾಲ್ಕು’, ಅಂದರೆ ನಾಲ್ಕನೇ ಕರಿ ಪಟ್ಟಿಯನ್ನು ಸಾ ಮಾಡಿಕೊಳ್ಳುವುದು, ಹೊಂದುತ್ತದೆ ಎಂದು ಗುರುತಿಸಿದವರೂ ಅವರೇ. ಕೋರ್ಸಿನಲ್ಲಿ ಎಲ್ಲವೂ ಬಿಳಿ ಒಂದರಿಂದ. ಸಾ ಜಾಗ ಬದಲಿಸಿದರೆ ಬೆರಳಿನ ದಾರಿಯೆಲ್ಲ ಬದಲಾಗುತ್ತದೆ. ಕರಿ ನಾಲ್ಕರಿಂದ ಭೂಪ ರಾಗ ನುಡಿಸಿದರೆ ಸಾ, ರೇ, ಪ ಕರಿ ಪಟ್ಟಿ, ಗ ಮತ್ತು ಧ ಬಿಳಿ. ಹೆಬ್ಬೆರಳು ಎಲ್ಲಿಡಬೇಕು ಎಂದು ಹೊಸದಾಗಿ ಕಲಿಯಬೇಕಾಯಿತು.

ಇಷ್ಟು ಹೇಳಿದ ಮೇಲೆ, ಮೊಬೈಲಿನ ಮೇಲಿದ್ದ ನನ್ನ ಸಿಟ್ಟು ಇಳಿಸಿದವರೂ ಇದೇ ಗುರುಗಳು. ಹಾರ್ಮೋನಿಯಂ ವಾದಕ ಪಂಡಿತ್ ರಾಮಭಾವು ವಿಜಾಪುರೆ ಅವರ ಹಳೆಯ ಧ್ವನಿಮುದ್ರಣಗಳ ಲಿಂಕ್ ಅವರೇ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. 1917ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ವಿಜಾಪುರೆ ಅವರು ನಮ್ಮ ಬೆಳಗಾವಿಯಲ್ಲೇ ಇದ್ದವರು. ಪೇಟಿಯಲ್ಲಿ ಮೀಂಡ್ ಬರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಪಟ್ಟಿಗಳ ನಡುವೆ ದಾರಿಯಿಲ್ಲ. ಇಂಥ ಆಕ್ಷೇಪಗಳಿಂದಲೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು, 1971ರವರೆಗೆ ಆ ಬಿಗಿ ಸಡಿಲಲಿಲ್ಲ. ಅಂಥ ವಾದ್ಯದಿಂದ ಹಾಡಿನ ನಾದ ಹೊರಡಿಸಿದವರನ್ನು ಇಂದು ಶಹಾಪುರದ ನನ್ನ ಮನೆಯಲ್ಲಿ ಕೂತು ಕೇಳಬಹುದು. ಇದಕ್ಕೆ ಮೊಬೈಲಿಗೆ ಕೃತಜ್ಞಳು. ಕಣ್ಣು ಮುಚ್ಚಿ ಕೇಳಿದರೆ ಅವರ ಬೆರಳಿಗಿಂತ ಮೊದಲು ಭಾತೆಯ ಹಿಡಿತವೇ ನನಗೆ ಕೇಳಿಸುತ್ತದೆ.

ಕ್ಲಾಸಿಲ್ಲದ ದಿನ ಚಹಾ ಕುಡಿದು ಪೇಟಿಯ ಬಟ್ಟೆ ತೆಗೆಯುತ್ತೇನೆ, ಕೊಂಡಿ ಬಿಚ್ಚುತ್ತೇನೆ. ಮೊಬೈಲಿನಲ್ಲಿ ತೀನತಾಲದ ಠೇಕಾ (ತಬಲಾದ ತಾಳದ ನುಡಿತ) ಹಾಕುತ್ತೇನೆ, ಹದಿನಾರು ಮಾತ್ರೆ, ನಿಧಾನ ಲಯ. ಎಷ್ಟು ಸಲ ತಪ್ಪಿದರೂ ಠೇಕಾ ಬೇಸರ ಮಾಡಿಕೊಳ್ಳುವುದಿಲ್ಲ. ಮುಗಿದ ಮೇಲೆ ಒಂದು ಪಟ್ಟಿ ಒತ್ತಿ ಉಳಿದ ಗಾಳಿ ಬಿಟ್ಟು ಭಾತೆ ಮುಚ್ಚುತ್ತೇನೆ. ಇದೂ ಗುರುಗಳು ಹೇಳಿಕೊಟ್ಟದ್ದೇ. ನಮ್ಮ ಮಳೆಗಾಲದಲ್ಲಿ ಪಟ್ಟಿ ಉಬ್ಬಿ ಕಚ್ಚಿಕೊಳ್ಳುತ್ತವೆ, ಹಾಗಾಗಿ ಜೂನ್ ಬಂದರೆ ಪೇಟಿಯನ್ನು ಗೋಡೆಯಿಂದ ದೂರ ಇಡುತ್ತೇನೆ.

ಹತ್ತಿರ ಕಲಿಸುವವರೇ ಇಲ್ಲದ ಹಳ್ಳಿಯಲ್ಲಿದ್ದರೆ ಕೋರ್ಸ್ ಕೊಳ್ಳಿ, ಸ್ವರ ಗುರುತಿಸಲು, ಅಲಂಕಾರ ಕಲಿಯಲು ಅದು ಸಾಕು. ತಿಂಗಳಿಗೊಮ್ಮೆಯಾದರೂ ಬಲ್ಲವರೊಬ್ಬರ ಮುಂದೆ ನುಡಿಸಿ ಬನ್ನಿ. ನಾನು ಈ ವರ್ಷ ಕೋರ್ಸ್ ಮುಂದುವರಿಸಲಿಲ್ಲ. ಆ ಹಣದಲ್ಲಿ ಪೇಟಿಯ ರೀಡು ಟ್ಯೂನ್ ಮಾಡಿಸಿದೆ. ಠೇಕಾದ ಆ್ಯಪ್ ಉಳಿಸಿಕೊಂಡಿದ್ದೇನೆ, ಅದು ಪುಕ್ಕಟೆ.