ದಿನಾ ಬ್ಲಾಗ್ ಬರೆಯೋರು ದಿನಾ ತೆಗೀಬೇಕಾದ್ದು: ಗೂಗಲ್ ಸರ್ಚ್ ಕನ್ಸೋಲ್ ರಿವ್ಯೂ

ಬ್ಲಾಗ್ ಬೆಳೀಬೇಕಂದ್ರೆ ದಿನಾ ಒಂದು ಹೊಸ ಪೋಸ್ಟ್ ಹಾಕು ಅಂತ ಎಲ್ಲರೂ ಹೇಳ್ತಾರೆ, ನಾನು ಹೇಳೋದು ದಿನಾ ಒಂದು ಹಳೇ ಪೋಸ್ಟ್ ರಿಪೇರಿ ಮಾಡ್ರಿ ಅಂತ. ಯಾವ ಪೋಸ್ಟ್ ರಿಪೇರಿ ಮಾಡ್ಬೇಕು, ಅದರಲ್ಲಿ ಏನು ಕಮ್ಮಿ ಐತೆ ಅನ್ನೋದನ್ನ ಗೂಗಲ್ ಸರ್ಚ್ ಕನ್ಸೋಲ್‌ನಷ್ಟು ನೇರವಾಗಿ ತೋರಿಸೋ ಇನ್ನೊಂದು ಟೂಲ್ ನಾನಂತೂ ನೋಡಿಲ್ಲ. ನಮ್ಮ ಬ್ಲಾಗ್ ಗೂಗಲ್ ಸರ್ಚಲ್ಲಿ ಹೇಗೆ ಕಾಣ್ತಿದೆ ಅಂತ ಗೂಗಲ್ಲೇ ತೋರಿಸೋ ಟೂಲ್ ಇದು, ಪೂರ್ತಿ ಫ್ರೀ, ಗೂಗಲ್ ಅಕೌಂಟ್ ಒಂದಿದ್ರೆ ಆಯ್ತು. ಮೊದಲು ವೆಬ್‌ಮಾಸ್ಟರ್ ಟೂಲ್ಸ್ ಅಂತಿದ್ರು, 2015ರಲ್ಲಿ ಈ ಹೆಸರು ಬಂತು. ನಾನು ದಾವಣಗೆರೆ, ಚಿತ್ರದುರ್ಗ ಸುತ್ತಮುತ್ತಲ ಜಾಗ, ಊಟ-ತಿಂಡಿ, ಜಾತ್ರೆ, ಕೆರೆ ಇಂಥದ್ದರ ಬಗ್ಗೆ ಕನ್ನಡದಲ್ಲಿ ಬರೀತೀನಿ, ಹಾಗಾಗಿ ಈ ರಿವ್ಯೂ ಅಂಥ ಸಣ್ಣ ಕನ್ನಡ ಬ್ಲಾಗ್ ನಡೆಸೋರಿಗೆ, ದೊಡ್ಡ ನ್ಯೂಸ್ ಸೈಟ್‌ನೋರ ಲೆಕ್ಕ ಬೇರೆ.

ಶುರು ಮಾಡೋದು ಕಷ್ಟ ಏನಲ್ಲ. ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯೋರಾದ್ರೆ ಅದೇ ಗೂಗಲ್ ಅಕೌಂಟಿಂದ ಒಳಗೆ ಹೋದ್ರೆ ವೆರಿಫಿಕೇಶನ್ (ಬ್ಲಾಗ್ ನಮ್ಮದೇ ಅನ್ನೋ ಖಾತ್ರಿ) ತಾನಾಗೇ ಆಗತ್ತೆ, ಸ್ವಂತ ಡೊಮೈನ್ ಇರೋರು ಅದರ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸೇರಿಸ್ಬೇಕು. ಸೈಟ್‌ಮ್ಯಾಪ್ (ಬ್ಲಾಗಿನ ಪೇಜುಗಳ ಪಟ್ಟಿ ಇರೋ ಫೈಲ್) ಒಂದ್ಸಲ ಕೊಟ್ಟುಬಿಡ್ರಿ, ಅಷ್ಟೇ.

ನಿಜವಾದ ಕೆಲಸ ಇರೋದು ಪರ್ಫಾರ್ಮೆನ್ಸ್ ಅನ್ನೋ ಪೇಜಲ್ಲಿ. ಮೇಲೆ ನಾಲ್ಕು ಡಬ್ಬಿ ಇರ್ತವೆ: ಎಷ್ಟು ಜನ ಕ್ಲಿಕ್ ಮಾಡಿದ್ರು, ಎಷ್ಟು ಸಲ ನಿಮ್ಮ ಲಿಂಕ್ ಸರ್ಚಲ್ಲಿ ಕಾಣಿಸ್ತು (ಇದಕ್ಕೆ ಇಂಪ್ರೆಷನ್ ಅಂತಾರೆ), ಕಂಡೋರಲ್ಲಿ ಶೇಕಡಾ ಎಷ್ಟು ಜನ ಒತ್ತಿದ್ರು, ಆಮೇಲೆ ಸರಾಸರಿ ಎಷ್ಟನೇ ಸ್ಥಾನದಲ್ಲಿ ಕಂಡ್ರಿ. ಮೊದಲೆರಡು ಆನ್ ಆಗಿರ್ತವೆ, ಸ್ಥಾನದ ಡಬ್ಬೀನ ನಾವೇ ಒತ್ತಿ ಆನ್ ಮಾಡ್ಕೋಬೇಕು, ಅದನ್ನ ಮರೀಬೇಡ್ರಿ, ಅದಿಲ್ದೇ ಅರ್ಧ ಕಥೆ ಗೊತ್ತಾಗಲ್ಲ. ಗ್ರಾಫ್ ದೊಡ್ಡದಾಗಿ ಕಣ್ಣಿಗೆ ಬೀಳತ್ತೆ ಆದ್ರೆ ದಿನಾ ನೋಡ್ಬೇಕಾದ್ದು ಅದಲ್ಲ. ಗ್ರಾಫ್ ಏರಿದ್ರೆ ಖುಷಿ, ಇಳಿದ್ರೆ ಬೇಜಾರು, ಎರಡರಿಂದಾನೂ ಬರವಣಿಗೆಗೆ ಏನೂ ಸಿಗಲ್ಲ, ಭಾನುವಾರ ಇಳೀತು ಸೋಮವಾರ ಏರ್ತು ಅಂತ ತಲೆ ಕೆಡಿಸ್ಕೊಂಡು ಕೂತ್ರೆ ಬರೆಯೋ ಮನಸ್ಸೇ ಹೋಗತ್ತೆ. ನೋಡ್ಬೇಕಾದ್ದು ಕೆಳಗಿರೋ ಕ್ವೆರೀಸ್ ಪಟ್ಟಿ, ಅಂದ್ರೆ ಜನ ಗೂಗಲ್‌ನಲ್ಲಿ ಏನಂತ ಟೈಪ್ ಮಾಡಿದಾಗ ನಮ್ಮ ಬ್ಲಾಗ್ ಕಾಣ್ತು ಅನ್ನೋದು.

ನಾನು ದಿನಾ ಬೆಳಿಗ್ಗೆ ಮಾಡೋದು ಇಷ್ಟು. ಪೇಜಸ್ ಟ್ಯಾಬ್‌ಗೆ ಹೋಗಿ ಒಂದು ಪೋಸ್ಟ್ ಒತ್ತಿ ವಾಪಸ್ ಕ್ವೆರೀಸ್ ಟ್ಯಾಬ್‌ಗೆ ಬರ್ತೀನಿ, ಆಗ ಆ ಒಂದು ಪೋಸ್ಟಿಗೆ ಮಾತ್ರ ಬಂದ ಹುಡುಕಾಟ ಕಾಣತ್ತೆ, ಅದರಲ್ಲಿ ಇಂಪ್ರೆಷನ್ ಜಾಸ್ತಿ ಇದ್ದು ಕ್ಲಿಕ್ ಇಲ್ಲದೇ ಎಂಟರಿಂದ ಇಪ್ಪತ್ತನೇ ಸ್ಥಾನದೊಳಗೆ ಕೂತಿರೋ ಸಾಲು ಯಾವುದು ಅಂತ ಹುಡುಕ್ತೀನಿ. ಅಂಥ ಸಾಲೇ ಆವತ್ತಿನ ಕೆಲಸ. ಗೂಗಲ್ ಆಗಲೇ ನಮ್ಮನ್ನ ಬಾಗಿಲವರೆಗೆ ತಂದು ನಿಲ್ಲಿಸಿರತ್ತೆ, ಓದುಗನಿಗೆ ಬೇಕಾದ್ದು ನಮ್ಮಲ್ಲಿ ಐತೆ ಅಂತ ಸರಿಯಾಗಿ ಹೇಳೋದೊಂದೇ ಬಾಕಿ.

ಒಂದು ಉದಾಹರಣೆ ಹೇಳ್ತೀನಿ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ (ಶಾಂತಿಸಾಗರ ಅಂತಾನೂ ಕರೀತಾರೆ) ಬಗ್ಗೆ ಒಂದು ಉದ್ದನೇ ಪೋಸ್ಟ್ ಇತ್ತು, ಕೆರೆ ಕಟ್ಟಿಸಿದ್ಲು ಅಂತ ಹೇಳೋ ಶಾಂತವ್ವನ ಕಥೆ, ಕೆರೆ ಏರಿ, ತೂಬು, ಗುಡ್ಡದ ನಡುವೆ ನೀರು ನಿಂತಿರೋ ಪರಿ, ಎಲ್ಲಾ ಮನಸಾರೆ ಬರೆದಿದ್ದು. ಹೆಡ್ಡಿಂಗ್‌ನಲ್ಲಿ ಕೆರೆ ಹೆಸರು ಇರಲಿಲ್ಲ, ಸಂಜೆ ನೀರಿನ ಬಗ್ಗೆ ಏನೋ ಚೆಂದದ ಸಾಲಿತ್ತು. ಕ್ವೆರೀಸ್ ತೆಗೆದು ನೋಡಿದ್ರೆ ಜನ ಕೇಳ್ತಿದ್ದದ್ದು ಬೇರೇನೇ: ಸೂಳೆಕೆರೆಗೆ ಹೋಗೋದು ಹೇಗೆ, ಶಾಂತಿಸಾಗರ ಬಸ್, ಮಕ್ಕಳನ್ನ ಕರ್ಕೊಂಡು ಹೋಗಬಹುದಾ, ಸಂತೇಬೆನ್ನೂರು ಪುಷ್ಕರಣಿ ಮತ್ತೆ ಸೂಳೆಕೆರೆ ಒಂದೇ ದಿನ ನೋಡಬಹುದಾ. ಈ ಕೊನೇದನ್ನ ನೋಡಿ ನನಗೆ ಬಾಳ ಖುಷಿ ಆಯ್ತು, ಯಾಕಂದ್ರೆ ಅದು ಯಾವ ಎಸ್‌ಇಒ (ಸರ್ಚಲ್ಲಿ ಮೇಲೆ ಬರೋ ವಿದ್ಯೆ) ಪುಸ್ತಕದಲ್ಲೂ ಸಿಗೋ ಕೀವರ್ಡ್ ಅಲ್ಲ, ಯಾರೋ ರಜೆ ದಿನ ಮನೆಯೋರ ಜೊತೆ ಹೊರಡೋಕೆ ಪ್ಲಾನ್ ಹಾಕ್ತಾ ಕೂತು ಕೇಳಿರೋ ಪ್ರಶ್ನೆ. ಹೆಡ್ಡಿಂಗ್‌ನಲ್ಲಿ ಸೂಳೆಕೆರೆ, ಶಾಂತಿಸಾಗರ ಎರಡೂ ಹೆಸರು ತಂದೆ, ಮೊದಲ ಪ್ಯಾರಾದಲ್ಲೇ ದಾವಣಗೆರೆ ಕಡೆಯಿಂದ, ಚನ್ನಗಿರಿ ಕಡೆಯಿಂದ ದಾರಿ ಹೇಗೆ ಅಂತ ಬರೆದೆ, ಪುಷ್ಕರಣಿ ಸೇರಿಸಿ ಒಂದು ದಿನದ ಪ್ಲಾನ್ ಅಂತ ಸಬ್‌ಹೆಡ್ಡಿಂಗ್ ಹಾಕಿ ನಮ್ಮದೇ ಪುಷ್ಕರಣಿ ಪೋಸ್ಟಿಗೆ ಲಿಂಕ್ ಕೊಟ್ಟೆ. ಶಾಂತವ್ವನ ಕಥೆಯಲ್ಲಿ ಒಂದಕ್ಷರ ತೆಗೀಲಿಲ್ಲ, ಅದು ಕೆಳಗೆ ಹಾಗೇ ಇದೆ, ದಾರಿ ಕೇಳೋಕೆ ಬಂದೋರು ಕಥೇನೂ ಓದ್ಕೊಂಡು ಹೋಗ್ತಾರೆ. ಕೆಲವೇ ವಾರದಲ್ಲಿ ಆ ಪೋಸ್ಟ್ ಎರಡನೇ ಪೇಜಿಂದ ಮೊದಲನೇ ಪೇಜಿಗೆ ಬಂತು. ಕ್ವೆರಿ ನೋಡಿ ಬರೆಯೋದು ಅಂದ್ರೆ ಸಾಹಿತ್ಯ ಬಿಟ್ಟು ಕೀವರ್ಡ್ ತುಂಬೋದು ಅಂತ ಕೆಲವರು ಮೂಗು ಮುರೀತಾರೆ, ನಂಗೆ ಆ ವಾದ ಒಪ್ಪಿಗೆ ಇಲ್ಲ, ಕೇಳಿದ್ದಕ್ಕೆ ಮೊದಲು ಉತ್ತರ ಕೊಟ್ಟು ಆಮೇಲೆ ನಮ್ಮ ಮಾತು ಹೇಳೋದು ಓದುಗನಿಗೆ ಕೊಡೋ ಮರ್ಯಾದೆ.

ಇನ್ನೊಂದು, ನಮ್ಮ ಜನ ಕನ್ನಡ ಅಕ್ಷರದಲ್ಲೂ ಹುಡುಕ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡಾನೂ ಹೊಡೀತಾರೆ. ಬೆಣ್ಣೆ ದೋಸೆ ಪೋಸ್ಟಿನ ಪಟ್ಟಿ ತೆಗೆದ್ರೆ ಎರಡೂ ಥರ ಸಾಲು ಸಾಲು ಬರ್ತವೆ, ಅದರಲ್ಲೂ ಮನೇಲಿ ಮಾಡೋದು ಹೇಗೆ ಅಂತ ಕೇಳೋರೇ ಬೇರೆ, ದಾವಣಗೆರೇಲಿ ಇಳಿದ ತಕ್ಷಣ ಎಲ್ಲಿ ತಿನ್ಬೇಕು ಅಂತ ಕೇಳೋರೇ ಬೇರೆ. ಒಂದೇ ಪೋಸ್ಟಲ್ಲಿ ಇಬ್ಬರಿಗೂ ಉತ್ತರ ಕೊಡೋಕೆ ಹೋದ್ರೆ ಇಬ್ಬರೂ ಉಳಿಯಲ್ಲ, ಎರಡು ಪೋಸ್ಟ್ ಮಾಡಿ ಒಂದಕ್ಕೊಂದು ಲಿಂಕ್ ಕೊಡ್ರಿ. ಡಿವೈಸಸ್ ಟ್ಯಾಬ್ ನೋಡಿದ್ರೆ ನಮ್ಮ ಓದುಗರು ಹೆಚ್ಚುಕಮ್ಮಿ ಎಲ್ಲಾ ಮೊಬೈಲಲ್ಲೇ, ಹಾಗಾಗಿ ಫೋಟೋ ಸೈಜ್ ಇಳಿಸಿ ಹಾಕೋದೂ ನನ್ನ ದಿನದ ಅಭ್ಯಾಸದಲ್ಲಿ ಸೇರಿದೆ. ಪೇಜಿನ ಮುಖ್ಯ ಭಾಗ ಎರಡೂವರೆ ಸೆಕೆಂಡ್ ಒಳಗೆ ಕಾಣ್ಬೇಕು ಅನ್ನೋದು ಗೂಗಲ್‌ನ ಅಳತೆ. ಅದಕ್ಕೆ ಕೋರ್ ವೆಬ್ ವೈಟಲ್ಸ್ ಅನ್ನೋ ಬೇರೆ ರಿಪೋರ್ಟ್ ಐತೆ, ಆದ್ರೆ ಓದುಗರು ಕಮ್ಮಿ ಇರೋ ಬ್ಲಾಗಿಗೆ ಅಲ್ಲಿ ಸಾಕಷ್ಟು ಡೇಟಾ ಇಲ್ಲ ಅಂತಾನೇ ತೋರಿಸತ್ತೆ, ಗಾಬರಿ ಬೇಡ.

ವಾಣಿ ವಿಲಾಸ ಸಾಗರದ ವಿಷಯ ಹೇಳ್ಲೇಬೇಕು. ಹಿರಿಯೂರಿನ ಈ ಡ್ಯಾಂ 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಚಿತ್ರದುರ್ಗ ಜಿಲ್ಲೆಯೋರಿಗೆ ಅದು ಬರೀ ಟೂರಿಸ್ಟ್ ಜಾಗ ಅಲ್ಲ, ಡ್ಯಾಂ ಪೂರ್ತಿ ತುಂಬೋ ನೂರಾ ಮೂವತ್ತು ಅಡಿ ಮುಟ್ತಾ ಇಲ್ವಾ ಅಂತ ಮಳೆಗಾಲ ಪೂರ್ತಿ ಕೇಳ್ತಾನೇ ಇರ್ತಾರೆ, ಸರ್ಚಲ್ಲೂ ಅದೇ ಪ್ರಶ್ನೆ. ಇಂಥದ್ದಕ್ಕೆ ದಿನಕ್ಕೊಂದು ಹೊಸ ಪೋಸ್ಟ್ ಹಾಕಿದ್ರೆ ನಮ್ಮ ಪೋಸ್ಟುಗಳೇ ಒಂದನ್ನೊಂದು ತಳ್ತಾವೆ. ಒಂದೇ ಪೋಸ್ಟ್ ಇಟ್ಕೊಂಡು ಮೇಲೆ ತಾರೀಖು ಹಾಕಿ ಅದನ್ನೇ ತಿದ್ದುತಾ ಹೋಗೋದು ಒಳ್ಳೇದು. ಈಗ 24 ಗಂಟೆ ಅಂತ ಒಂದು ಆಯ್ಕೆ ಬಂದಿದೆ, ಗಂಟೆ ಗಂಟೆ ಲೆಕ್ಕ ತೋರಿಸತ್ತೆ, ಕೋಡಿ ಬೀಳೋ ಥರದ ಸುದ್ದಿ ಇದ್ದಾಗ ಮಾತ್ರ ಅದು ಉಪಯೋಗ, ಉಳಿದ ದಿನ 28 ದಿನದ್ದು ಅಥವಾ 3 ತಿಂಗಳದ್ದು ಇಟ್ಕೊಳ್ರಿ.

ಈಗ ಕೊರತೆ ಹೇಳ್ತೀನಿ. ದೊಡ್ಡದು ಅಂದ್ರೆ ಡೇಟಾ 16 ತಿಂಗಳದ್ದಷ್ಟೇ ಇರತ್ತೆ, ಅದಕ್ಕಿಂತ ಹಳೇದು ಅಳಿಸಿ ಹೋಗತ್ತೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ವರ್ಷಾ ವರ್ಷಾ ಬರತ್ತೆ, ಅದಕ್ಕೆ ಇದು ಸಾಕು, ಹೋದ ವರ್ಷ ಜನ ಯಾವಾಗಿಂದ ಹುಡುಕೋಕೆ ಶುರು ಮಾಡಿದ್ರು, ಏನು ಕೇಳಿದ್ರು ಅಂತ ನೋಡ್ಕೊಂಡು ಈ ವರ್ಷ ಮುಂಚೇನೇ ಪೋಸ್ಟ್ ರೆಡಿ ಮಾಡಬಹುದು. ಆದ್ರೆ ನಮ್ಮ ದಾವಣಗೆರೆ ದುರ್ಗಾಂಬಿಕಾ ಜಾತ್ರೆ ಎರಡು ವರ್ಷಕ್ಕೊಮ್ಮೆ! ಮುಂದಿನ ಜಾತ್ರೆ ಹತ್ರ ಬರೋ ಹೊತ್ತಿಗೆ ಹಿಂದಿನ ಜಾತ್ರೆ ಡೇಟಾ ಇರೋದೇ ಇಲ್ಲ. ಊರಿಗೆ ಊರೇ ನೆಂಟರನ್ನ ಕರೆಯೋ ಹಬ್ಬ, ಓದುಗರು ಅತೀ ಹೆಚ್ಚು ಬರೋ ಸಮಯ, ಅದರ ಲೆಕ್ಕಾನೇ ಕೈಗೆ ಸಿಗಲ್ಲ ಅಂದ್ರೆ ಹೇಗೆ. ಅದಕ್ಕೆ ಪ್ರತಿ ತಿಂಗಳು ಎಕ್ಸ್‌ಪೋರ್ಟ್ ಬಟನ್ ಒತ್ತಿ ಗೂಗಲ್ ಶೀಟ್ಸ್‌ಗೆ ಇಳಿಸಿ ಇಟ್ಕೊಳ್ಳೋ ಅಭ್ಯಾಸ ಕಡ್ಡಾಯ ಮಾಡ್ಕೊಳ್ರಿ. ಪಟ್ಟಿಯಲ್ಲಿ ಒಂದ್ಸಲಕ್ಕೆ ಸಾವಿರ ಸಾಲು ಮಾತ್ರ ಸಿಗತ್ತೆ, ಸಣ್ಣ ಬ್ಲಾಗಿಗೆ ಅದು ಧಾರಾಳ.

ಬಾಳ ಕಮ್ಮಿ ಜನ ಟೈಪ್ ಮಾಡಿದ ಕ್ವೆರಿಗಳನ್ನ ಪ್ರೈವಸಿ ಕಾರಣಕ್ಕೆ ಮುಚ್ಚಿಡ್ತಾರೆ, ಹಾಗಾಗಿ ಮೇಲಿನ ಒಟ್ಟು ಕ್ಲಿಕ್ಕೂ ಕೆಳಗಿನ ಪಟ್ಟಿಯ ಕ್ಲಿಕ್ಕೂ ತಾಳೆ ಆಗಲ್ಲ. ಕನ್ನಡದಲ್ಲಿ ಹುಡುಕೋರು ಕಮ್ಮಿ ಇರೋ ವಿಷಯಕ್ಕೆ ಇದು ಸ್ವಲ್ಪ ಜಾಸ್ತೀನೇ ಬಾಧಿಸತ್ತೆ. ಮೊಬೈಲ್ ಆ್ಯಪ್ ಇಲ್ಲ, ಫೋನಲ್ಲಿ ಬ್ರೌಸರ್‌ನಲ್ಲೇ ತೆಗೀಬೇಕು, ಟೇಬಲ್ ನೋಡೋಕೆ ಫೋನ್ ಅಡ್ಡ ಹಿಡ್ಕೋಬೇಕಾಗತ್ತೆ.

ಹೊಸ ಪೋಸ್ಟ್ ಹಾಕಿದ್ಮೇಲೆ ಅದರ ಲಿಂಕ್ ಮೇಲಿನ ಬಾಕ್ಸಲ್ಲಿ ಹಾಕಿ ರಿಕ್ವೆಸ್ಟ್ ಇಂಡೆಕ್ಸಿಂಗ್ ಒತ್ತಬಹುದು, ಅಂದ್ರೆ ಇದನ್ನ ನಿಮ್ಮ ಸರ್ಚ್ ಪಟ್ಟಿಗೆ ಸೇರಿಸ್ಕೊಳ್ರಿ ಅಂತ ಗೂಗಲ್‌ನ ಕೇಳೋದು. ದಿನಕ್ಕೆ ಇಷ್ಟೇ ಅಂತ ಮಿತಿ ಇದೆ, ಒಂದೇ ಲಿಂಕ್‌ಗೆ ಮತ್ತೆ ಮತ್ತೆ ಒತ್ತಿದ್ರೆ ಬೇಗ ಏನೂ ಆಗಲ್ಲ, ಸುಮ್ನೆ ಟೈಮ್ ವೇಸ್ಟ್. ಕ್ರಾಲ್ ಆಗಿದೆ ಆದ್ರೆ ಇಂಡೆಕ್ಸ್ ಆಗಿಲ್ಲ ಅಂತ ಬಂದ್ರೆ ಗೂಗಲ್ ಓದಿದೆ, ಇಟ್ಕೊಂಡಿಲ್ಲ ಅಂತ ಅರ್ಥ, ಆಗ ಬಟನ್ ಬಿಟ್ಟು ಪೋಸ್ಟನ್ನೇ ನೋಡ್ರಿ, ನಾಲ್ಕು ಸಾಲಿನದ್ದಾ, ಬೇರೆ ಕಡೆ ಇರೋದೇನಾ ಅಂತ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ, ಯುನಿಕೋಡ್ ಅಲ್ಲದ ಫಾಂಟಲ್ಲಿ ಟೈಪ್ ಮಾಡಿದ ಲೇಖನ ಹಾಗೇ ಹಾಕಿದ್ರಂತೂ ಗೂಗಲ್‌ಗೆ ಅದು ಕನ್ನಡಾನೇ ಅಲ್ಲ, ಕನ್ವರ್ಟ್ ಮಾಡಿ ಹಾಕ್ರಿ. ನಮ್ಮ ಕಡೆ ಹಿರಿಯರ ಹತ್ರ ಚಂದ್ರವಳ್ಳಿ, ಕೋಟೆ, ಪಾಳೇಗಾರರ ಬಗ್ಗೆ ಎಷ್ಟೋ ಒಳ್ಳೇ ಬರಹ ಆ ಫೈಲುಗಳಲ್ಲೇ ಉಳಿದಿದೆ, ಅದನ್ನೆಲ್ಲಾ ಯುನಿಕೋಡ್‌ಗೆ ತರೋದು ನಿಜಕ್ಕೂ ಮಾಡ್ಬೇಕಾದ ಕೆಲಸ.

ಬ್ಲಾಗನ್ನ ಮೊದಲನೇ ಪೇಜಿಗೆ ತರ್ತೀವಿ ಅಂತ ತಿಂಗಳಿಗೆ ಇಷ್ಟು ಅಂತ ದುಡ್ಡು ಕೇಳೋ ಏಜೆನ್ಸಿಗಳು ಈಗ ಎಲ್ಲಾ ಊರಲ್ಲೂ ಇದಾವೆ. ನನಗೆ ಒಬ್ಬರು ಕಳಿಸಿದ ರಿಪೋರ್ಟ್ ನೋಡಿದ್ರೆ ಸರ್ಚ್ ಕನ್ಸೋಲ್ ಗ್ರಾಫ್‌ನ ಸ್ಕ್ರೀನ್‌ಶಾಟ್ ಬಿಟ್ರೆ ಹೆಚ್ಚೇನೂ ಇರಲಿಲ್ಲ. ಸೂಳೆಕೆರೆ ಪೋಸ್ಟಿನ ಆ ಪ್ರಶ್ನೆ ಕಂಡಾಗ ಪುಷ್ಕರಣಿ ಎಲ್ಲಿದೆ, ಎರಡನ್ನೂ ಒಂದೇ ದಿನ ನೋಡೋಕೆ ಆಗತ್ತಾ ಅಂತ ಗೊತ್ತಿರೋದು ಈ ಊರಲ್ಲಿ ಓಡಾಡಿದ ನಮಗೇ ಹೊರತು ಬೇರೆಯೋರಿಗಲ್ಲ, ಹಾಗಾಗಿ ಈ ಕೆಲಸ ಬೇರೆಯೋರ ಕೈಗೆ ಕೊಡಬೇಡ್ರಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ, ಆ ಅರ್ಧ ಕಡಿದಿದ್ದು 16 ತಿಂಗಳ ಮಿತಿಗೆ. ಹೊಸದಾಗಿ ಬ್ಲಾಗ್ ಶುರು ಮಾಡಿದೋರಿಗೆ ಮೊದಮೊದಲು ಈ ಪಟ್ಟಿ ಖಾಲಿ ಖಾಲಿ ಕಾಣತ್ತೆ, ಅದು ತುಂಬೋ ತನಕ ವಾರಕ್ಕೊಂದ್ಸಲ ತೆಗೆದ್ರೆ ಸಾಕು, ಆ ಹೊತ್ತನ್ನ ಬರೆಯೋಕೆ ಕೊಡ್ರಿ. ಟೈಪ್ ಮಾಡೋಕೆ ಬೇಜಾರಾದ್ರೆ ಜಿಬೋರ್ಡ್‌ನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಐತೆ, ಕುಂದವಾಡ ಕೆರೆ ಸುತ್ತ ವಾಕ್ ಮಾಡ್ತಾನೇ ಒಂದೆರಡು ಪ್ಯಾರಾ ಹೇಳಿ ಇಟ್ಕೊಂಡು ಮನೆಗೆ ಬಂದು ತಿದ್ದಬಹುದು. ಹತ್ತಿಪ್ಪತ್ತು ಒಳ್ಳೇ ಪೋಸ್ಟ್ ಆದ್ಮೇಲೆ ಕ್ವೆರಿಗಳು ಬರೋಕೆ ಶುರು ಆಗ್ತಾವೆ, ಆಗ ದಿನಾ ತೆಗೀರಿ.