ಕ್ಯಾನ್ಸರ್ ಆಸ್ಪತ್ರೆಯ ಡಯಟಿಶಿಯನ್ ಸಲಹೆ: ಹಾಲಿನ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರ

ನಮ್ಮ ಯಜಮಾನರಿಗೆ ಪ್ರಾಸ್ಟೇಟ್ ಕ್ಯಾನ್ಸರ್. ರೇಡಿಯೇಷನ್ ಮುಗಿದಿದೆ, ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿದೆ. ಅದೇ ಆಸ್ಪತ್ರೆಯ ಆಹಾರ ಸಲಹಾ ವಿಭಾಗಕ್ಕೆ ಹೋಗಿಬಂದೆವು. ಇಂಥ ಮನೆಗಳಲ್ಲಿ ಅಡುಗೆಯ ಹೊಣೆ ಹೊತ್ತವರಿಗೆ ಉಪಯೋಗಕ್ಕೆ ಬರಲಿ ಅಂತ ಅಲ್ಲಿನ ಅನುಭವ ಬರೆಯುತ್ತಿದ್ದೇನೆ.

ನಾನು ಹೋದದ್ದು ಒಂದೇ ಪ್ರಶ್ನೆ ಇಟ್ಟುಕೊಂಡು: ಹಾಲು, ಮೊಸರು ಕೊಡಬೇಕೋ, ನಿಲ್ಲಿಸಬೇಕೋ? ವಿಷಯ ತಿಳಿದಾಗಿನಿಂದ ಬಂಧುಗಳು ವಿಡಿಯೊ ಕಳಿಸುತ್ತಲೇ ಇದ್ದರು. ಒಂದರಲ್ಲಿ ಹಾಲು ವಿಷ, ಇನ್ನೊಂದರಲ್ಲಿ ಅದೇ ಅಮೃತ. ಮಗ ದುಡ್ಡು ಕಟ್ಟಿ ಹಾಕಿಕೊಟ್ಟ ಒಂದು ಡಯಟ್ ಆ್ಯಪ್ ವಯಸ್ಸು, ತೂಕ, ಕಾಯಿಲೆಯ ಹೆಸರು ಕೇಳಿ, ತಿನ್ನಬಾರದ್ದರ ಪಟ್ಟಿ ಕೊಟ್ಟಿತು. ಮೊದಲ ಸಾಲೇ ಹಾಲಿನ ಪದಾರ್ಥ ಪೂರ್ತಿ ಬಂದ್. ಪಟ್ಟಿಯ ಕೆಳಗೆ ವಿಟಮಿನ್ ಇ ಕ್ಯಾಪ್ಸೂಲ್ ಕೊಳ್ಳುವ ಲಿಂಕ್. ಯಾವ ಚಿಕಿತ್ಸೆ ನಡೆಯುತ್ತಿದೆ ಅಂತ ಒಂದು ಮಾತೂ ಕೇಳಲಿಲ್ಲ.

ಡಯಟಿಶಿಯನ್ ಮೊದಲು ಕೇಳಿದ್ದೇ ಅದನ್ನು. ‘ಸರ್, ಇಂಜೆಕ್ಷನ್ ಎಷ್ಟು ಕಾಲದಿಂದ ತಗೋತಿದ್ದೀರಿ? ಮೂಳೆ ಎಷ್ಟು ಗಟ್ಟಿಯಿದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಆಗಿದೆಯಾ?’ ಹಾಲಿನ ಮಾತು ಎತ್ತಿದವಳು ನಾನು, ಮೂಳೆಯ ಮಾತು ತೆಗೆದವರು ಅವರು. ಈ ಇಂಜೆಕ್ಷನ್ ಟೆಸ್ಟೋಸ್ಟಿರಾನ್ ಅನ್ನುವ ಗಂಡಸರ ಹಾರ್ಮೋನನ್ನು ಇಳಿಸುತ್ತದೆ. ಅದರಿಂದ ಕ್ಯಾನ್ಸರ್ ಹತೋಟಿಗೆ ಬರುತ್ತದೆ, ಆದರೆ ಮೂಳೆಯೂ ಸವೆಯುತ್ತದೆ. ಇವರಂಥವರಿಗೆ ದಿನಕ್ಕೆ ಸುಮಾರು 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಜೊತೆಗೆ ವಿಟಮಿನ್ ಡಿ. ಒಂದು ದೊಡ್ಡ ಲೋಟ ಹಾಲಿನಲ್ಲೇ 300 ಮಿಲಿಗ್ರಾಂ ಹತ್ತಿರ ಸಿಗುತ್ತದೆ. ಆ್ಯಪ್ ಹೇಳಿದಂತೆ ಹಾಲು ಮೊಸರು ಎರಡನ್ನೂ ನಿಲ್ಲಿಸಿ, ಬದಲಿಗೆ ಏನೂ ಕೊಡದೆ ಇದ್ದಿದ್ದರೆ ಆ ಕೊರತೆ ಬೀಳುತ್ತಿದ್ದುದು ನೇರ ಮೂಳೆಯ ಮೇಲೆ.

ಹಾಗಂತ ಹಾಲಿನ ಮೇಲಿನ ಸಂಶಯ ಸುಳ್ಳು ಅಂತ ಅವರು ತಳ್ಳಿಹಾಕಲಿಲ್ಲ. ನನಗೆ ತುಂಬ ಹಿಡಿಸಿದ್ದು ಇದೇ. ಅಮೆರಿಕದ ಅಡ್ವೆಂಟಿಸ್ಟ್ ಅನ್ನುವ ಕ್ರೈಸ್ತ ಪಂಥದ 28,000ಕ್ಕೂ ಹೆಚ್ಚು ಗಂಡಸರ ಅಧ್ಯಯನವೊಂದು 2022ರಲ್ಲಿ ಪ್ರಕಟವಾಗಿದೆ. ದಿನಕ್ಕೆ 430 ಗ್ರಾಂನಷ್ಟು ಹಾಲಿನ ಪದಾರ್ಥ ತೆಗೆದುಕೊಳ್ಳುವವರನ್ನು 20 ಗ್ರಾಂ ತೆಗೆದುಕೊಳ್ಳುವವರ ಜೊತೆ ಹೋಲಿಸಿದಾಗ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಅಪಾಯ ಶೇಕಡಾ 25ರಷ್ಟು ಹೆಚ್ಚು ಕಂಡಿತು. ಹಾಲಿನಿಂದಾಚೆ ಬೇರೆ ಆಹಾರದಿಂದ ಬಂದ ಕ್ಯಾಲ್ಸಿಯಂಗೆ ಅಂಥ ನಂಟು ಕಾಣಲಿಲ್ಲ. ಹಾಲು ಕುಡಿಯುವವರ ರಕ್ತದಲ್ಲಿ ಐಜಿಎಫ್-1 ಅನ್ನುವ, ಬೆಳವಣಿಗೆಗೆ ಸಂಬಂಧಿಸಿದ ಹಾರ್ಮೋನ್ ಸ್ವಲ್ಪ ಹೆಚ್ಚಿರುತ್ತದೆ, ಅದೂ ಒಂದು ಕಾರಣ ಇರಬಹುದು ಅಂತಾರೆ.

ಶೇಕಡಾ 25 ಅಂದಾಗ ನನ್ನ ಎದೆ ಝಲ್ಲೆಂದಿತು. ಅವರು ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದರು. ನೂರು ಗಂಡಸರಲ್ಲಿ 12 ಜನಕ್ಕೆ ಬರುವುದಿದ್ದರೆ ಅದು 15 ಆಗುತ್ತದೆ. 12 ಹೋಗಿ 37 ಆಗುವುದಿಲ್ಲ. ಇನ್ನೊಂದು ಮಾತು: ಇವೆಲ್ಲ ಜನ ಏನು ತಿನ್ನುತ್ತಾರೆ ಅಂತ ಕೇಳಿ, ವರ್ಷಗಟ್ಟಲೆ ಗಮನಿಸಿ ಬರೆದಿಟ್ಟ ಅಧ್ಯಯನಗಳು. ಹಾಲು ಬಿಟ್ಟವರು ಬೇರೆ ಎಷ್ಟೋ ವಿಷಯದಲ್ಲೂ ಬೇರೆ ಥರ ಬದುಕುತ್ತಿರಬಹುದು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2014ರಲ್ಲಿ ಅಲ್ಲಿಯವರೆಗಿನ ಪುರಾವೆ ಪರಿಶೀಲಿಸಿ, ಹಾಲಿನ ವಿಷಯದಲ್ಲಿ ‘ಸೀಮಿತ, ಸೂಚನೆ ಮಾತ್ರ’ ಅನ್ನುವ ದರ್ಜೆ ಕೊಟ್ಟಿತು, ಅಂದರೆ ನಂಟು ಇರಬಹುದು, ಖಚಿತವಿಲ್ಲ. ಅದೇ ವರದಿ ಮೈಯ ಕೊಬ್ಬಿಗೂ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿಗೂ ಇರುವ ನಂಟನ್ನು ಬಲವಾದ ಪುರಾವೆಯ ಸಾಲಿಗೆ ಸೇರಿಸಿದೆ. ಯಾವ ವಿಡಿಯೊದಲ್ಲೂ ನಾನು ಇದನ್ನು ಕೇಳಿರಲಿಲ್ಲ.

ಆಮೇಲೆ ನಮಗೆ ಬೇಕಾದದ್ದಕ್ಕೆ ಬಂದರು. ಕಾಯಿಲೆ ಬರುವುದಕ್ಕೆ ಮುಂಚಿನ ಲೆಕ್ಕ ಬೇರೆ, ಬಂದಮೇಲಿನದು ಬೇರೆ. ಕಾಯಿಲೆ ಪತ್ತೆಯಾದವರನ್ನೇ ಗಮನಿಸಿದ ಕೆಲವು ಅಧ್ಯಯನಗಳಲ್ಲಿ ಕೆನೆ ತೆಗೆಯದ ಗಟ್ಟಿ ಹಾಲನ್ನು ಹೆಚ್ಚು ಕುಡಿದವರಿಗೆ ಕಾಯಿಲೆ ಬಿಗಡಾಯಿಸಿದ್ದು ಹೆಚ್ಚು, ಕೊಬ್ಬು ತೆಗೆದ ಹಾಲಿಗೆ ಆ ನಂಟು ಕಂಡಿಲ್ಲ. ನಾನು ಬಿಡಲಿಲ್ಲ. ‘ಹಾಗಾದರೆ ಅಮೆರಿಕದ ಆ ದೊಡ್ಡ ಅಧ್ಯಯನದಲ್ಲಿ?’ ಅಂದೆ. ಅದರಲ್ಲಿ ಗಟ್ಟಿ ಹಾಲಿಗೂ ಕೊಬ್ಬು ತೆಗೆದದ್ದಕ್ಕೂ ಹೆಚ್ಚು ವ್ಯತ್ಯಾಸ ಕಂಡಿಲ್ಲ ಅಂತ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಎರಡೂ ಒಂದೇ ಕಡೆ ಬೆರಳು ತೋರಿಸದಿದ್ದಾಗ ಮಿತವಾಗಿ ಕೊಡುವುದೇ ಸರಿ, ಗಟ್ಟಿ ಹಾಲು ಬಿಟ್ಟರೆ ತೂಕಕ್ಕೂ ಹೃದಯಕ್ಕೂ ಹೇಗೂ ಒಳ್ಳೆಯದು ಅಂದರು. ವಿಜ್ಞಾನದಲ್ಲಿ ಇತ್ಯರ್ಥವಾಗದ್ದನ್ನು ಆಗಿಲ್ಲ ಅಂತಲೇ ಹೇಳುವವರ ಮಾತು ನಂಬಬಹುದು ಅಂತ ನನಗನ್ನಿಸಿತು.

ಕೊನೆಗೆ ನಿಂತದ್ದು ಇಷ್ಟು: ಕೊಬ್ಬು ತೆಗೆದ ಹಾಲು ದಿನಕ್ಕೆ ಒಂದು ಲೋಟ, ಒಂದು ಬಟ್ಟಲು ಮೊಸರು. ಮಿಕ್ಕ ಕ್ಯಾಲ್ಸಿಯಂ ಸೊಪ್ಪು, ಎಳ್ಳು ಮತ್ತು ಕ್ಯಾಲ್ಸಿಯಂ ಸೇರಿಸಿದ, ಸಕ್ಕರೆ ಹಾಕದ ಸೋಯಾ ಹಾಲಿನಿಂದ. ಪ್ಯಾಕೆಟ್ಟನ್ನು ಚೆನ್ನಾಗಿ ಕುಲುಕಬೇಕು, ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂತಿರುತ್ತದೆ. ಬಾದಾಮಿ ಹಾಲು ಬೇಡವೇ ಅಂದಿದ್ದಕ್ಕೆ, ಅದರಲ್ಲಿ ಪ್ರೋಟೀನ್ ಬಹಳ ಕಡಿಮೆ ಅಂತ ಡಬ್ಬಿಯ ಹಿಂದಿನ ಪಟ್ಟಿ ಓದುವುದನ್ನು ಕಲಿಸಿಕೊಟ್ಟರು. ಇಂಜೆಕ್ಷನ್ನಿನಿಂದ ಸ್ನಾಯು ಕರಗಿ ಹೊಟ್ಟೆ ಬರುತ್ತದಂತೆ, ನಮ್ಮವರಿಗೆ ಆಗಲೇ ಬಂದಿದೆ. ಅದಕ್ಕೆ ನಡಿಗೆ, ಭಾರ ಎತ್ತುವ ವ್ಯಾಯಾಮ.

ವಿಟಮಿನ್ ಇ ಕ್ಯಾಪ್ಸೂಲ್ ತೋರಿಸಿದೆ. ತಕ್ಷಣ ನಿಲ್ಲಿಸಿ ಅಂದರು. 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಸೆಲೆಕ್ಟ್ ಅನ್ನುವ ಪ್ರಯೋಗದಲ್ಲಿ ಬರೀ ವಿಟಮಿನ್ ಇ ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾಯಿತು ಅಂತ 2011ರಲ್ಲೇ ಪ್ರಕಟವಾಗಿದೆ. ಪ್ರಾಸ್ಟೇಟ್ ರೋಗಿಗೆ ಅದನ್ನೇ ಮಾರುತ್ತಾರೆ ಅಂದರೆ ಹೊಟ್ಟೆ ಉರಿಯುತ್ತದೆ. ತರಕಾರಿ ಹೆಚ್ಚಿಸಿದರೆ ಕಾಯಿಲೆ ನಿಲ್ಲುತ್ತದಾ ಅಂತಲೂ ಕೇಳಿದೆ. ಇದೇ ಕಾಯಿಲೆಯಿದ್ದು ಚಿಕಿತ್ಸೆಯಿಲ್ಲದೆ ವೈದ್ಯರ ನಿಗಾದಲ್ಲಿದ್ದ 478 ಜನರಿಗೆ ಎರಡು ವರ್ಷ ತರಕಾರಿ ಹೆಚ್ಚು ತಿನ್ನಿಸಿ ನೋಡಿದ್ದಾರೆ, 2020ರಲ್ಲಿ ಬಂದ ಫಲಿತಾಂಶದಲ್ಲಿ ಕಾಯಿಲೆ ಮುಂದುವರಿಯುವುದು ಕಡಿಮೆಯಾಗಿರಲಿಲ್ಲ. ತರಕಾರಿ ತಿನ್ನಿ, ಆದರೆ ಇಂಜೆಕ್ಷನ್ ತಪ್ಪಿಸಬೇಡಿ ಅಂದರು.

ಕೊರತೆಯೂ ಇದೆ. ಹೊರಡುವಾಗ ಕೈಗಿಟ್ಟ ಅಚ್ಚಿನ ಹಾಳೆ ಕೀಮೋ ನಡೆದು ತೂಕ ಇಳಿಯುತ್ತಿರುವವರಿಗಾಗಿ ಬರೆದದ್ದು. ‘ದಿನಕ್ಕೆ ಮೂರು ಲೋಟ ಗಟ್ಟಿ ಹಾಲು, ಬೆಣ್ಣೆ’ ಅಂತ ಅದರಲ್ಲಿದೆ. ನಾನು ಓದಿ ತೋರಿಸಿದ ಮೇಲೆ ಅವರು ಹೊಡೆದುಹಾಕಿ, ಪಕ್ಕದಲ್ಲಿ ಕೈಯಲ್ಲೇ ಬರೆದುಕೊಟ್ಟರು. ಓದದೆ ಮನೆಗೆ ಒಯ್ದವರು ಏನು ಮಾಡಬೇಕು? ಪ್ರಾಸ್ಟೇಟ್ ರೋಗಿಗಳಿಗೆ ಬೇರೆಯೇ ಹಾಳೆ ಅಚ್ಚು ಹಾಕಿಸಲೇಬೇಕು. ಆಮೇಲೆ ಸಂದೇಹ ಬಂದರೆ ಫೋನಿನಲ್ಲಿ ಕೇಳುವ ಏರ್ಪಾಡೂ ಇಲ್ಲ, ಮತ್ತೆ ಚೀಟಿ ಮಾಡಿಸಿ ಸರದಿಯಲ್ಲಿ ಕೂರಬೇಕು. ದಣಿದ ರೋಗಿಯನ್ನು ಕರೆದುಕೊಂಡು ಹೋಗುವವರಿಗೆ ಅದು ದೊಡ್ಡ ಕಷ್ಟ.

ಇಷ್ಟಿದ್ದರೂ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನಿಮ್ಮ ಆಸ್ಪತ್ರೆಯಲ್ಲಿ ಇಂಥ ವಿಭಾಗ ಇದ್ದರೆ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ, ಅವರಾಗಿಯೇ ಹೇಳಲಿ ಅಂತ ಕಾಯಬೇಡಿ. ಹೋಗುವಾಗ ಇಂಜೆಕ್ಷನ್ ಹೆಸರು, ಇತ್ತೀಚಿನ ಪಿಎಸ್‌ಎ (ಪ್ರಾಸ್ಟೇಟ್ ಕಾಯಿಲೆಗೆ ಮಾಡುವ ರಕ್ತಪರೀಕ್ಷೆ) ಮತ್ತು ವಿಟಮಿನ್ ಡಿ ವರದಿ, ಡೆಕ್ಸಾ ಆಗಿದ್ದರೆ ಅದು, ಮನೆಯಲ್ಲಿರುವ ಪುಡಿ ಮಾತ್ರೆ ಡಬ್ಬಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಡುಗೆ ಮಾಡುವವರು ಜೊತೆಗಿರಲಿ. ಕ್ಯಾಲ್ಸಿಯಂ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಊಟದ ಲೆಕ್ಕ ಹಾಕಿಸಿದ ಮೇಲೆಯೇ ಕೇಳಿ. ನಮ್ಮವರಿಗೆ ಊಟದಲ್ಲೇ ಸಾಕಷ್ಟು ಸಿಗುತ್ತಿದೆ ಅಂತ ಲೆಕ್ಕದಲ್ಲಿ ಗೊತ್ತಾಯಿತು, ಡಾಕ್ಟರೂ ನೋಡಿ ಮಾತ್ರೆ ಬರೆಯಲಿಲ್ಲ.