ಮಹಡಿ ಕೋಣೆ, ತೋಟದ ಮನೆ, ಅಡುಗೆಮನೆ ಮೇಜು: ಎಲ್ಲಿ ಕೂತಾಗ ಜಾಸ್ತಿ ಬರೆದೆ

ಕಳೆದ ಜೂನ್‌ನಲ್ಲಿ ಒಂದು ಕಾದಂಬರಿ ಶುರು ಮಾಡಿದೆ. ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಕಡೆ, ಬೀಜ ಆರಿಸುವ ಹೆಂಗಸರ ಕಥೆ. ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್ ಆಫೀಸಿನಲ್ಲಿ 14 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಗೋಡೆಯ ಆಚೆ ಕೂತು ಆರಿಸುವವರ ಮಾತು ದಿನಾ ಕಿವಿಗೆ ಬೀಳುತ್ತದೆ. ಹಾಗಾಗಿ ಕಥೆಗೇನೂ ಬರ ಇರಲಿಲ್ಲ. ಕೂತು ಬರೆಯುವುದು ಎಲ್ಲಿ, ಯಾವಾಗ ಅನ್ನುವುದೇ ಕಷ್ಟವಾಗಿತ್ತು.

ಈ ಹತ್ತು ತಿಂಗಳಲ್ಲಿ ಬೇರೆ ಬೇರೆ ಕಡೆ ಕೂತು ನೋಡಿದೆ. ಲಾಂಗ್ ಬುಕ್ಕಿನ ಕೊನೇ ಪುಟದಲ್ಲಿ ದಿನಾಂಕ, ಕೂತ ಜಾಗ, ಎಷ್ಟು ಹೊತ್ತು, ಎಷ್ಟು ಸಾಲು ಅಂತ ಬರೆದಿಡುತ್ತಾ ಹೋದೆ. ಪದ ಎಣಿಸಲಿಲ್ಲ, ಸಾಲು ಎಣಿಸಿದೆ. ನಮ್ಮ ಭಾಷೆಯಲ್ಲಿ ಪದದ ಲೆಕ್ಕ ಸರಿಯಾಗಿ ಕೂರುವುದಿಲ್ಲ. ‘ಹೊರಟುಹೋಗಿದ್ದಳಂತೆ’ ಅನ್ನುವುದು ನಮಗೆ ಒಂದೇ ಪದ. ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಬೇಕಾದರೆ ಐದಾರು ಪದ ಬೇಕು. ದಿನಕ್ಕೆ ಸಾವಿರ ಪದ ಬರೆಯಿರಿ ಅನ್ನುವ ಸಲಹೆ ಓದಿ ಬೇಜಾರು ಮಾಡಿಕೊಳ್ಳುವ ಕನ್ನಡದವರು ಇದನ್ನು ನೆನಪಿಟ್ಟುಕೊಳ್ಳಬೇಕು. ಆ ಸಾವಿರ ಬೇರೆ, ನಮ್ಮ ಸಾವಿರ ಬೇರೆ.

ಮೊದಲು ಮಹಡಿ ಕೋಣೆ. ನನ್ನ ಬರವಣಿಗೆಗೆ ಅಂತಲೇ ನಮ್ಮನೆಯವರು ಅದನ್ನು ಖಾಲಿ ಮಾಡಿಸಿಕೊಟ್ಟರು. ಹಳೇ ಬೀಟೆ ಮೇಜಿಗೆ ಪಾಲಿಶ್ ಹಾಕಿಸಿದರು. ಕಿಟಕಿ ಬೆಟ್ಟದ ಕಡೆಗಿದೆ, ಮೋಡ ಇಲ್ಲದ ದಿನ ಮುಳ್ಳಯ್ಯನಗಿರಿ ಕಾಣುತ್ತದೆ. ಕುರ್ಚಿ ಚೆನ್ನಾಗಿತ್ತು, ದೀಪ ಚೆನ್ನಾಗಿತ್ತು, ಬಾಗಿಲು ಹಾಕಿಕೊಂಡರೆ ಟಿವಿ ಸದ್ದೂ ಕೇಳಿಸುತ್ತಿರಲಿಲ್ಲ. ರಾತ್ರಿ ಊಟ, ಪಾತ್ರೆ ಎಲ್ಲ ಮುಗಿಸಿ ಒಂಬತ್ತೂವರೆಗೆ ಮೇಲೆ ಹೋಗಿ ಕೂರುತ್ತಿದ್ದೆ. ಮೂರು ವಾರದಲ್ಲಿ 15 ಸಲ ಕೂತಿದ್ದೇನೆ. ಬರೆದದ್ದು 140 ಸಾಲು. ಅಂದರೆ ಒಂದೂವರೆ ಗಂಟೆಗೆ ಒಂಬತ್ತೇ ಸಾಲು.

ದಣಿವು ಒಂದು ಕಾರಣ. ಇಡೀ ದಿನ ಅಂಕಿ ನೋಡಿದ ಕಣ್ಣು ರಾತ್ರಿ ಅಕ್ಷರ ನೋಡಲು ಒಪ್ಪುವುದಿಲ್ಲ. ಇನ್ನೊಂದು ಕಾರಣ ಫೋನು. ಅದು ಮೇಜಿನ ಮೇಲೇ ಇರುತ್ತಿತ್ತು. ಒಂದು ಪದದ ಅರ್ಥ ನೋಡೋಣ ಅಂತ ಎತ್ತಿಕೊಂಡರೆ ಇಪ್ಪತ್ತು ನಿಮಿಷ ಹೋಗಿರುತ್ತಿತ್ತು. ನಾಲ್ಕನೇ ವಾರ ಫೋನನ್ನು ಕೆಳಗೆ ಫ್ರಿಜ್ ಮೇಲಿಟ್ಟು ಹತ್ತಿದೆ. ಅದೇ ಕೋಣೆ, ಅದೇ ಹೊತ್ತು, 15 ಸಾಲು ಬಂತು. ಕೋಣೆಯನ್ನು ಸುಮ್ನೆ ದೂರಬಾರದು ಅಂತ ಇದನ್ನು ಹೇಳುತ್ತಿದ್ದೇನೆ. ಆದರೂ ಆ ಬಾಗಿಲು ಹಾಕಿದ ಕೂಡಲೇ ಎದೆ ಮೇಲೆ ಏನೋ ಭಾರ ಕೂರುತ್ತಿತ್ತು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟಿದ್ದಾರೆ, ಈಗ ಚೆನ್ನಾಗಿ ಬರೆಯಲೇಬೇಕು ಅನ್ನುವ ಭಾರ.

ಆಮೇಲೆ ತೋಟದ ಮನೆ. ಆಲ್ದೂರಿನಿಂದ ಆಚೆ ನಮ್ಮ ಚಿಕ್ಕಪ್ಪನ ತೋಟ ಇದೆ. ಜುಲೈ ಕೊನೆಯಲ್ಲಿ ಎಂಟು ದಿನ ರಜೆ ಹಾಕಿ ಹೋದೆ. ಪುಷ್ಯ ಮಳೆ ಹಿಡಿದಿತ್ತು. ಹಣ್ಣು ಕೊಯ್ಲಿನ ಕಾಲದಲ್ಲಿ ಆ ಮನೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಸದ್ದು, ಕಣದಲ್ಲಿ ಜನ, ಸಂಜೆ ಆದರೆ ಅಳತೆಯ ಗಲಾಟೆ. ಮಳೆಗಾಲದಲ್ಲಿ ಮಾತ್ರ ಆ ಮನೆಯಷ್ಟು ಸುಮ್ಮನಿರುವ ಜಾಗ ಇನ್ನೊಂದಿಲ್ಲ. ಮೂರು ದಿನ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಬರೆಯುವವರೆಲ್ಲ ಕನಸು ಕಾಣುವುದು ಇಂಥ ಜಾಗವನ್ನೇ ಅಲ್ವಾ?

ಅಲ್ಲಿ ಅಜ್ಜನ ಕಾಲದ ಇಳಿಜಾರು ಡೆಸ್ಕು ಇದೆ, ನೆಲದ ಮೇಲೆ ಕಾಲು ಮಡಿಸಿ ಕೂತು ಬರೆಯುವಂಥದ್ದು. ಮುಚ್ಚಳ ಎತ್ತಿದರೆ ಒಳಗೆ ಹಳೇ ಮಸಿಯ ಕಲೆ. ಕತ್ತು ಬಗ್ಗಿಸಬೇಕಾಗಿಲ್ಲ, ಮಣಿಕಟ್ಟಿಗೆ ಆಸರೆ ಸಿಗುತ್ತದೆ. ಮುಕ್ಕಾಲು ಗಂಟೆಗೆ ಕಾಲು ಜೋಮು ಹಿಡಿಯುತ್ತದೆ ಅನ್ನುವುದೊಂದು ಬಿಟ್ಟರೆ ಮಹಡಿಯ ಮೇಜಿಗಿಂತ ನನಗೆ ಅದೇ ಹಿತವಾಗಿತ್ತು. ತೇವಕ್ಕೆ ಹಾಳೆ ಉಬ್ಬಿಕೊಂಡು ಜೆಲ್ ಪೆನ್ನಿನ ಮಸಿ ಹರಡಲು ಶುರುವಾಯಿತು. ಚಿಕ್ಕಮ್ಮ ಪುಸ್ತಕವನ್ನು ಅಗ್ಗಿಷ್ಟಿಕೆ ಪಕ್ಕ ಬಿಡಿಸಿಟ್ಟು ಒಣಗಿಸಿ ಕೊಡುತ್ತಿದ್ದರು. ಬಾಲ್ ಪೆನ್ನಿಗೆ ಬದಲಾಯಿಸಿದ ಮೇಲೆ ಆ ತೊಂದರೆ ಇರಲಿಲ್ಲ.

ಮೊದಲ ದಿನ ನಾಲ್ಕು ಸಾಲು ಬರೆದು ಹರಿದೆ. ಎರಡನೇ ದಿನ ಮಳೆ ನೋಡಿದೆ. ‘ಏನ್ ಮಾರಾಯ್ತಿ, ಎಷ್ಟಾಯ್ತು?’ ಅಂತ ಚಿಕ್ಕಪ್ಪ ಕೇಳಿದರೆ ಹೇಳಲು ಏನೂ ಇರಲಿಲ್ಲ. ಬೆಳಿಗ್ಗೆ ಬರಲಿಲ್ಲ ಅಂದರೆ ಮಧ್ಯಾಹ್ನ ಬರೆಯೋಣ, ಮಧ್ಯಾಹ್ನ ಬರಲಿಲ್ಲ ಅಂದರೆ ಸಂಜೆ ಇದೆಯಲ್ಲ. ಹೊತ್ತು ಅಷ್ಟೊಂದು ಇದ್ದಾಗ ಯಾವ ಸಾಲನ್ನೂ ಈಗಲೇ ಬರೆದು ಮುಗಿಸಬೇಕು ಅಂತ ಅನ್ನಿಸುವುದಿಲ್ಲ. ಮೂರನೇ ದಿನದಿಂದ ಸ್ವಲ್ಪ ಬಂತು. ಎಂಟು ದಿನಕ್ಕೆ ಒಟ್ಟು 210 ಸಾಲು. ದಿನಕ್ಕೆ 26ರ ಲೆಕ್ಕ.

ಆದರೆ ಒಂದು ದೊಡ್ಡ ಲಾಭ ಆಯಿತು, ಅದನ್ನು ಸಾಲಿನಲ್ಲಿ ಎಣಿಸಲು ಬರುವುದಿಲ್ಲ. ಆರನೇ ದಿನ ಜಗುಲಿಯಲ್ಲಿ ಕೂತಿದ್ದಾಗ ಕಾದಂಬರಿ ತಪ್ಪು ಕಡೆಯಿಂದ ಶುರುವಾಗಿದೆ ಅಂತ ಹೊಳೆಯಿತು. ಮದುವೆಯಿಂದ ಶುರು ಮಾಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ದಿನದಿಂದ ಶುರು ಆಗಬೇಕಿತ್ತು. ಊರಲ್ಲಿ ಇದ್ದಿದ್ದರೆ ಇದು ಹೊಳೆಯಲು ಇನ್ನೂ ಆರು ತಿಂಗಳು ಹಿಡಿಯುತ್ತಿತ್ತೋ ಏನೋ. ಇಡೀ ಕಥೆಯನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ಅಂಥ ಬಿಡುವು ಬೇಕೇ ಬೇಕು.

ಮಧ್ಯೆ ಐದಾರು ಭಾನುವಾರ ಲೈಬ್ರರಿಗೆ ಹೋದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಸುತ್ತ ತಲೆ ಬಗ್ಗಿಸಿ ಕೂತಿರುತ್ತಾರೆ. ಅವರ ನಡುವೆ ನಾನೊಬ್ಬಳು ಸುಮ್ಮನೆ ಕೂರಲು ಆಗುವುದಿಲ್ಲ, ಕೈ ತಾನಾಗೇ ಓಡುತ್ತದೆ. ಗಂಟೆಗೆ 15 ಸಾಲು ಬರುತ್ತಿತ್ತು, ಚೆನ್ನಾಗೇ ಆಯಿತು. ಭಾನುವಾರ ಬಿಟ್ಟು ಬೇರೆ ದಿನ ನನಗೆ ಆಗುವುದಿಲ್ಲ ಅಷ್ಟೇ. ಹೋಟೆಲಿನಲ್ಲೂ ಎರಡು ಸಲ ನೋಡಿದೆ. ಒಂದು ಕಾಫಿ ತಗೊಂಡು ಗಂಟೆಗಟ್ಟಲೆ ಕೂರಲು ಮನಸ್ಸು ಒಪ್ಪಲಿಲ್ಲ, ಬಿಟ್ಟೆ.

ಅಡುಗೆಮನೆ ಮೇಜಿಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಮಗಳಿಗೆ ಪಿಯುಸಿ ಟ್ಯೂಷನ್ ಬೆಳಿಗ್ಗೆಗೆ ಬದಲಾಯಿತು, ನಾನೂ ಐದಕ್ಕೆ ಏಳಬೇಕಾಯಿತು. ಎದ್ದ ಮೇಲೆ ಮಹಡಿ ಹತ್ತುವುದು ಯಾಕೆ, ಇಲ್ಲೇ ಕೂರೋಣ ಅಂತ ಕೂತೆ. ಅಷ್ಟು ಅಗಲದ ಮೇಜಲ್ಲ. ಒಂದು ಕಡೆ ತರಕಾರಿ ಬುಟ್ಟಿ, ಇನ್ನೊಂದು ಕಡೆ ಉಪ್ಪಿನಕಾಯಿ ಜಾಡಿ. ಮಧ್ಯೆ ಒಂದು ಲಾಂಗ್ ಬುಕ್ ಹಿಡಿಯುವಷ್ಟು ಜಾಗ.

ಐದಕ್ಕೆ ಎದ್ದು ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಸುರಿಯುತ್ತೇನೆ. ಡಿಕಾಕ್ಷನ್ ಇಳಿಯಲು ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಹಿಂದಿನ ದಿನ ಬರೆದದ್ದನ್ನು ಮೆಲ್ಲಗೆ ಬಾಯಿಬಿಟ್ಟು ಓದುತ್ತೇನೆ. ಕಾಫಿ ಕೈಗೆ ಬರುವ ಹೊತ್ತಿಗೆ ಮುಂದಿನ ಸಾಲು ಬಾಯಲ್ಲೇ ಇರುತ್ತದೆ. ಆರು ಇಪ್ಪತ್ತಕ್ಕೆ ಹಾಲಿನವನ ಗಂಟೆ. ಆ ಗಂಟೆ ಸದ್ದು ಕೇಳಿದರೆ ಮುಗಿಯಿತು, ಎಲ್ಲಿದ್ದರೆ ಅಲ್ಲಿಗೆ ನಿಲ್ಲಿಸುತ್ತೇನೆ. ಸಾಲಿನ ಅರ್ಧದಲ್ಲಿದ್ದರೂ ಸರಿ. ಹಾಗೆ ಅರ್ಧಕ್ಕೆ ಬಿಟ್ಟ ಸಾಲು ಮರುದಿನ ಬೆಳಿಗ್ಗೆ ಕೈಹಿಡಿದು ಎಳೆದುಕೊಂಡು ಹೋಗುತ್ತದೆ. ಖಾಲಿ ಹಾಳೆ ಎದುರಿಗೆ ಕೂರುವ ಕಷ್ಟ ನನಗೆ ಸೆಪ್ಟೆಂಬರ್‌ನಿಂದ ಇಲ್ಲ.

80 ನಿಮಿಷಕ್ಕೆ ಸರಾಸರಿ 25 ಸಾಲು. ತೋಟದ ಮನೆಯಲ್ಲಿ ಇಡೀ ದಿನಕ್ಕೆ ಹೆಚ್ಚೂ ಕಡಿಮೆ ಇಷ್ಟೇ ಬಂದಿತ್ತು.

19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರಾಲಪ್ ವಿಷಯ ಓದಿದಾಗ ನನಗೆ ಧೈರ್ಯ ಬಂತು. ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಬರೆದವರು, ಒಟ್ಟು 47 ಕಾದಂಬರಿ. ಬೆಳಿಗ್ಗೆ ಐದೂವರೆಗೆ ಮೇಜಿಗೆ ಬರುತ್ತಿದ್ದರು. ಮೊದಲ ಅರ್ಧ ಗಂಟೆ ಹಿಂದಿನ ದಿನದ್ದನ್ನು ಓದುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುವುದು. ಅವರ ತೀರಿಕೆಯ ನಂತರ 1883ರಲ್ಲಿ ಬಂದ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದಿದ್ದಾರೆ. ತಮ್ಮನ್ನು ಎಬ್ಬಿಸಿ ಕಾಫಿ ತಂದುಕೊಡಲು ಹಳೇ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದರಂತೆ. ಕಾಫಿ ನಾಡಿನವಳಾದ ನನಗೆ ಆ ಮಾತು ಓದಿ ತುಂಬಾ ಖುಷಿಯಾಯಿತು. ಎಬ್ಬಿಸುವವರು ಯಾರೋ ಇದ್ದಾರೆ, ಕಾಫಿ ಬರುತ್ತದೆ, ಆಮೇಲೆ ಆಫೀಸಿಗೆ ಹೋಗಲೇಬೇಕು. ಅವರ ಬೆಳಗಿಗೂ ನನ್ನ ಬೆಳಗಿಗೂ ಒಂದು ಕೊನೆ ಇದೆ.

ಅಡುಗೆಮನೆಯಲ್ಲಿ ನಾನು ಎಣಿಸದೇ ಇದ್ದ ಇನ್ನೊಂದು ಸಿಕ್ಕಿತು. ಅತ್ತೆ ಐದೂಮುಕ್ಕಾಲಿಗೆ ಎದ್ದು ಬಂದು ಎದುರಿಗೆ ಕೂರುತ್ತಾರೆ. ಶುರುವಿನಲ್ಲಿ ನನಗೆ ಇರಿಸುಮುರುಸಾಗುತ್ತಿತ್ತು. ಡಿಸೆಂಬರ್‌ನಲ್ಲಿ ಅವರೆಕಾಯಿ ಕಾಲ. ರಾತ್ರಿ ನೆನೆಹಾಕಿದ ಕಾಳನ್ನು ಮುಂದಿಟ್ಟುಕೊಂಡು ಹಿತಕುತ್ತಾ ಕೂರುತ್ತಿದ್ದರು. ಹೆಬ್ಬೆರಳು ತೋರುಬೆರಳ ನಡುವೆ ಒಂದು ಸಲ ಒತ್ತಿದರೆ ಕಾಳು ಪುಟಕ್ಕನೆ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಮಾತಿಲ್ಲ ಕಥೆಯಿಲ್ಲ. ಆ ಪುಟ್ ಪುಟ್ ಸದ್ದಿಗೆ ನನ್ನ ಪೆನ್ನು ಒಂದು ಲಯಕ್ಕೆ ಬರುತ್ತಿತ್ತು. ಒಂದು ದಿನ ಅವರಾಗೇ ಕೇಳಿದರು. ‘ಅಲ್ಲ ಕಣಮ್ಮ, ಆ ಹುಡುಗಿ ಕೂಲಿ ಕೇಳೋಕೆ ಹೋಗಿದ್ಲಲ್ಲ, ಕೊಟ್ರಾ?’

ನಾನು ಓದುತ್ತಿದ್ದುದು ಒಳಗಿನ ಕೋಣೆಗೆ ಕೇಳಿಸುತ್ತಿತ್ತಂತೆ. ದಿನಾ ಮಲಗಿದಲ್ಲೇ ಕೇಳುತ್ತಿದ್ದರಂತೆ. ಆವತ್ತು ಆ ಅಧ್ಯಾಯ ಬೇಗ ಬೇಗ ಬರೆದೆ. ಉತ್ತರ ಕೇಳಲು ಒಬ್ಬರು ಎದುರಿಗೇ ಕೂತಿದ್ದರು. ಯಾವ ಕೋಣೆಯೂ ಇದನ್ನು ನನಗೆ ಕೊಟ್ಟಿರಲಿಲ್ಲ.

ಇನ್ನು ಪೆನ್ನೋ ಲ್ಯಾಪ್‌ಟಾಪೋ ಫೋನೋ ಅನ್ನುವುದು. ಲ್ಯಾಪ್‌ಟಾಪಿನಲ್ಲಿ ನನಗೆ ನುಡಿ ತಂತ್ರಾಂಶ ರೂಢಿ. ಅದರಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಒತ್ತಕ್ಷರಕ್ಕೆ ಎಫ್ ಒತ್ತಬೇಕು. ‘ಅಕ್ಕ’ ಅಂತ ಬರೆಯಲು ಎ, ಕೆ, ಎಫ್, ಕೆ. ಕೈ ಪಳಗಿದರೆ ಬಹಳ ಬೇಗ ಓಡುತ್ತದೆ, ಆಫೀಸಿನ ಪತ್ರಗಳನ್ನೆಲ್ಲ ಅದರಲ್ಲೇ ಮಾಡುತ್ತೇನೆ. ಆದರೆ ಕಥೆಗೆ ಕೂತರೆ ಬೆರಳು ಅಳಿಸುವ ಕೀಲಿಯ ಮೇಲೇ ಇರುತ್ತದೆ. ಒಂದು ಸಾಲು ಬರೆದು, ಅದನ್ನೇ ನಾಲ್ಕು ಸಲ ತಿದ್ದಿ, ಕೊನೆಗೆ ಅಳಿಸಿ ಎದ್ದ ದಿನಗಳಿವೆ.

ಕ್ಯೂರಿಂಗ್‌ನಲ್ಲಿ ಗಾರ್ಬ್ಲಿಂಗ್, ಅಂದರೆ ಕೈಯಲ್ಲಿ ಬೀಜ ಆರಿಸುವುದು, ಬರುವುದು ಕೊನೆಗೆ. ಬೀಜ ಒಣಗಬೇಕು, ಸಿಪ್ಪೆ ಬಿಡಿಸಬೇಕು, ಜರಡಿಯಲ್ಲಿ ದಪ್ಪ ಸಣ್ಣ ಬೇರೆ ಆಗಬೇಕು. ಆಮೇಲೆ ಹೆಂಗಸರು ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಾರೆ. ಮೂಟೆ ಇಳಿಯುವ ಮೊದಲೇ ಆರಿಸಲು ಕೂರುವುದಿಲ್ಲ. ಪೆನ್ನು ನನ್ನನ್ನು ಆ ಕ್ರಮಕ್ಕೆ ತಂದಿತು. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗುತ್ತೇನೆ. ಗೆರೆಯ ಕೆಳಗೆ ಹಳೇ ಪದ ಕಾಣುತ್ತಲೇ ಇರುತ್ತದೆ, ಎಷ್ಟೋ ಸಲ ಅದೇ ಸರಿ ಅಂತ ವಾಪಸ್ ತಂದಿದ್ದೇನೆ.

ಫೋನಿಗೆ ಬಾಯಲ್ಲಿ ಹೇಳಿ ಬರೆಸಿಯೂ ನೋಡಿದೆ. ವರ್ಣನೆ ಹೇಳಲು ಹೋದರೆ ನನ್ನ ಧ್ವನಿಯೇ ನನಗೆ ಬೇರೆಯವರದ್ದು ಅನ್ನಿಸುತ್ತದೆ. ಮಾತುಕತೆ ಮಾತ್ರ ಪೆನ್ನಿಗಿಂತ ಚೆನ್ನಾಗಿ ಬಂತು. ಸಂಜೆ ನಡೆದು ಬರುವಾಗ ಇಬ್ಬರು ಹೆಂಗಸರ ಜಗಳ ಪೂರ್ತಿ ಹೇಳಿಬಿಟ್ಟೆ. ‘ಹೋಗ್ತೀನಿ ಕಣೆ’ ಅಂದಿದ್ದನ್ನು ಫೋನು ಒಂದೊಂದು ಸಲ ಒಂದೊಂದು ಥರ ಬರೆದುಕೊಂಡಿತ್ತು, ಮನೆಗೆ ಬಂದು ತಿದ್ದಿದೆ. ಆದರೂ ಆ ಜಗಳದ ಬಿಸಿ ಹಾಗೇ ಉಳಿದಿತ್ತು.

ಎಲ್ಲರ ಮನೆಯಲ್ಲೂ ಅಡುಗೆಮನೆಯೇ ಆಗಬೇಕು ಅಂತ ಹೇಳುವುದಿಲ್ಲ. ಚಿಕ್ಕ ಮಕ್ಕಳು ಬೇಗ ಏಳುವ ಮನೆಯಲ್ಲಿ ಇದು ನಡೆಯುವುದಿಲ್ಲ. ರಾತ್ರಿ ಪಾಳಿಯವರಿಗೂ ಆಗದು. ಅಂಥವರಿಗೆ ನಾನು ಹೇಳುವುದಾದರೆ, ಮೊದಲು ಫೋನನ್ನು ಬೇರೆ ಕೋಣೆಯಲ್ಲಿಡಿ. ಆಮೇಲೆ ನಿಮ್ಮನ್ನು ಮೇಜಿನಿಂದ ಎಬ್ಬಿಸಿ ಕಳಿಸುವ, ಹಾಲಿನವನ ಗಂಟೆಯಂಥ ಒಂದು ಕರೆಯನ್ನು ಹುಡುಕಿಕೊಳ್ಳಿ. ಬಸ್ಸಿನ ಹೊತ್ತೋ, ಕುಕ್ಕರ್ ಕೂಗೋ, ಮಗುವಿನ ಶಾಲೆಯೋ ಯಾವುದಾದರೂ ಸರಿ. ಕುರ್ಚಿ ಮೇಜಿಗೆ ದುಡ್ಡು ಹಾಕುವುದು ಆಮೇಲೆ.

ಈಗ ಕರಡು ಎರಡು ಲಾಂಗ್ ಬುಕ್ ದಾಟಿದೆ. ಮಹಡಿ ಕೋಣೆ ಹಾಳಾಗಿಲ್ಲ. ಶನಿವಾರ ಸಂಜೆ ಅಲ್ಲಿ ಕೂತು ಲ್ಯಾಪ್‌ಟಾಪಿಗೆ ಏರಿಸುತ್ತೇನೆ, ಏರಿಸುವಾಗಲೇ ಆರಿಸುತ್ತೇನೆ. ತಿದ್ದುವುದಕ್ಕೆ ಆ ಕೋಣೆ, ಆ ದೀಪ ಬಹಳ ಒಳ್ಳೆಯದು. ಜುಲೈನಲ್ಲಿ ಮತ್ತೆ ತೋಟದ ಮನೆಗೆ ಹೋಗುತ್ತೇನೆ ಅಂತ ಚಿಕ್ಕಮ್ಮನಿಗೆ ಹೇಳಿಟ್ಟಿದ್ದೇನೆ. ಈ ಸಲ ಬರೆಯಲು ಅಲ್ಲ, ಮೊದಲಿನಿಂದ ಕೊನೆವರೆಗೆ ಒಂದೇ ಸಲ ಓದಲು. ಅತ್ತೆಯೂ ಬರುತ್ತೇನೆ ಅಂದಿದ್ದಾರೆ.